ಗುರಾಣಿಯ ಗವಸು

ನನ್ನ ಹೆಂಡತಿ ಡೋರೀನ್‌ಗೆ ಹಸಿವಾದರೆ ಅಡುಗೆಮನೆ ಬೇಕಂತೆ. ರೋಮ್ ಸಾಮ್ರಾಜ್ಯದ ಕೆಲಸ ನಡೆಯುತ್ತಿರುವಾಗ ಇಂಥ ಕ್ಷುಲ್ಲಕ ಬೇಡಿಕೆ ಇಡುವವರಿಗೆ ಏನು ಹೇಳುವುದು? ನಾನೇನು ಮಹಾ ಅಪರಾಧ ಮಾಡಿದ್ದೆ? ಒಲೆಯ ಮೇಲೆ ಹಂಡೆಯಿಟ್ಟು ದನದ ತೊಗಲಿನ ಚೂರುಗಳನ್ನು ಕುದಿಸಿ ಅಂಟು ಮಾಡುತ್ತಿದ್ದೆ, ಅಷ್ಟೆ. ಅದೂ ಬರೀ ಮೂರು ದಿನದಿಂದ. ವಾಸನೆ ಇತ್ತು, ಇಲ್ಲ ಅನ್ನುವುದಿಲ್ಲ. ಪಕ್ಕದ ಮನೆಯವರು ಕಿಟಕಿ ಮುಚ್ಚಿ, ಕೊನೆಗೆ ಊರನ್ನೇ ಬಿಟ್ಟು ಮಗಳ ಮನೆಗೆ ಹೋದರು. ಚರಿತ್ರೆಯನ್ನು ಸಹಿಸುವ ಮೂಗು ಎಲ್ಲರಿಗೂ ಇರುವುದಿಲ್ಲ.

ನಾನು ವಿಲ್ಫ್ ಮಿಲ್‌ಬರ್ನ್. ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಗೆ ಹತ್ತಿರದ ನಮ್ಮ ಹೆಕ್ಸಮ್ ಊರಿನಲ್ಲಿ ಒಂದು ರೋಮನ್ ದಂಡಿದೆ. ವಾರವಿಡೀ ನಲ್ಲಿ ರಿಪೇರಿ, ವಿಮೆ ಮಾರಾಟ ಎಂದು ಬದುಕಿ, ಭಾನುವಾರ ಮಾತ್ರ ಶಿರಸ್ತ್ರಾಣ ಧರಿಸಿ ಹದಿನೆಂಟು ಶತಮಾನ ಹಿಂದಕ್ಕೆ ಸರಿಯುವ ಹದಿನಾರು ಮಂದಿಯ ಮಹಾಸೈನ್ಯ ಅದು. ನಾಯಕ ಫೆನ್ವಿಕ್, ವೃತ್ತಿಯಲ್ಲಿ ದಂತವೈದ್ಯ. ನಾನು ಯಥಾರ್ಥತಾಧಿಕಾರಿ. ಅಂದರೆ ಯಾರ ಚಪ್ಪಲಿಯ ಮೊಳೆ, ಯಾರ ಅಂಗಿಯ ಹೊಲಿಗೆ, ಯಾರ ಗುರಾಣಿಯ ಬಣ್ಣ ರೋಮನ್ನರ ಕಾಲದ್ದಲ್ಲವೋ ಅವರನ್ನು ಮೈದಾನದಿಂದ ಆಚೆ ಕಳಿಸುವ ಅಧಿಕಾರ ನನ್ನದು. ಹನ್ನೊಂದು ವರ್ಷದಿಂದ ಅದನ್ನು ಸಂಕೋಚವಿಲ್ಲದೆ ಚಲಾಯಿಸಿದ್ದೇನೆ. (ಸಂತೋಷದಿಂದ ಎಂದೂ ಕೆಲವರು ಹೇಳುತ್ತಾರೆ. ಅವರೆಲ್ಲ ತಿರಸ್ಕೃತರು.)

ಅವರ ಅಜ್ಞಾನದ ಬಗ್ಗೆ ಹೇಳುತ್ತಾ ಹೋದರೆ ನನಗೆ ರಕ್ತದೊತ್ತಡ ಏರುತ್ತದೆ. ಒಬ್ಬ ಮಹಾಶಯ ಗುರಾಣಿಗೆ ಕಾರಿನ ಬಣ್ಣ ಬಳಿದು ತಂದಿದ್ದ, ಬಿಸಿಲಿಗೆ ಅದು ಹೊಸ ವ್ಯಾನಿನ ಬಾಗಿಲಿನ ಹಾಗೆ ಹೊಳೆಯುತ್ತಿತ್ತು. ಇನ್ನೊಬ್ಬನ ಗುರಾಣಿ ಹಳೆಯ ಕಪಾಟಿನದು, ಒಳಬದಿಯಲ್ಲಿ ಕೋಟು ನೇತುಹಾಕುವ ಕೊಕ್ಕೆ ಹಾಗೇ ಇತ್ತು. ಇನ್ನು ಚಿತ್ತಾರವೋ, ಕಣ್ಣು ಮುಚ್ಚಿಕೊಂಡು ಎಲ್ಲರದೂ ಕೆಂಪು ಹಲಗೆ, ಹಳದಿ ರೆಕ್ಕೆ, ಸಿಡಿಲು. ಎಲ್ಲಿಂದ ತಂದೆಯಪ್ಪಾ ಎಂದು ಕೇಳಿದರೆ ರೋಮ್ ನಗರದ ಕಂಬದ ಮೇಲೆ ಕೆತ್ತಿದ್ದಾರೆ ಎನ್ನುತ್ತಾರೆ. ಆ ಕಂಬ ಕೆತ್ತಿದವನು ಒಬ್ಬ ಸೈನಿಕನನ್ನಾದರೂ ಹತ್ತಿರದಿಂದ ನೋಡಿದ್ದನೇ ಎಂದು ಇವರಲ್ಲಿ ಯಾರೂ ಯೋಚಿಸಿದವರಲ್ಲ.

ಈ ಪೈಕಿ ಅಗ್ರಗಣ್ಯ ಕೀತ್ ರಾಬ್ಸನ್, ಕೊಳಾಯಿ ಕೆಲಸದವನು. ಒಮ್ಮೆ ಅವನು ಗುರಾಣಿಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲ ಸರಿಮಾಡಿಕೊಂಡು ಹಲ್ಲುಕಿರಿಯುತ್ತಾ ಬಂದು ನಿಂತ. ನಾನು ಅವನ ಕೈ ನೋಡಿದೆ. ಮದುವೆಯ ಉಂಗುರ. ಸಾಮಾನ್ಯ ರೋಮನ್ ಸಿಪಾಯಿಗೆ ಸೇವೆಯಲ್ಲಿರುವವರೆಗೆ ಮದುವೆಯಾಗುವ ಅನುಮತಿ ಇರಲಿಲ್ಲ, ತೆಗಿ ಎಂದೆ. ಇಪ್ಪತ್ತು ವರ್ಷದಿಂದ ತೆಗೆದಿಲ್ಲ ಎಂದ. ಹಾಗಾದರೆ ಅನುತ್ತೀರ್ಣ ಎಂದು ಬರೆದೆ. ನಮ್ಮ ದಂಡಿಗೆ ನಾನೇ ಬರೆದ ನಿಯಮಾವಳಿಯಲ್ಲಿ ಏಳನೆಯ ನಿಯಮ ಹೀಗಿದೆ: ಪರೀಕ್ಷೆಯಲ್ಲಿ ಬಿದ್ದವನು ಆ ವರ್ಷವೆಲ್ಲ ಚೌಕುಳಿ ಚಲ್ಲಣ ತೊಟ್ಟು, ಮುಖಕ್ಕೆ ನೀಲಿ ಬಳಿದುಕೊಂಡು, ಬ್ರಿಟನ್ನಿನ ಕಾಡುಜನರ ಪಾತ್ರ ವಹಿಸಿ ರೋಮನ್ನರಿಂದ ಏಟು ತಿಂದು ಓಡತಕ್ಕದ್ದು. ಕೀತ್ ಮೂರು ವರ್ಷ ಓಡಿದ್ದಾನೆ.

ಈ ಕೀತ್ ಫೆಬ್ರವರಿಯ ಸಭೆಯಲ್ಲಿ ಬಿಯರು ಕೆಳಗಿಟ್ಟು ಎದ್ದು ನಿಂತ.

"ಹನ್ನೊಂದು ವರ್ಷದಿಂದ ನಮ್ಮೆಲ್ಲರ ಗುರಾಣೀಲೂ ಹುಳುಕು ತೆಗೀತಾ ಇದಾನೆ ಈ ವಿಲ್ಫ್. ಇವನ ಗುರಾಣಿ ಎಲ್ಲಿದೆ? ಬರೀ ಪುಸ್ತಕ ಹಿಡ್ಕೊಂಡು ನಿಂತಿರ್ತಾನೆ. ಜೂನ್ ತಿಂಗಳ ಪ್ರದರ್ಶನಕ್ಕೆ ತಾನೊಂದು ಮಾಡ್ಕೊಂಡು ಬರ್ಲಿ. ನಮ್ಮ ಜೊತೆ ಗೋಡೆ ಪಕ್ಕ ಒಂದು ಮೈಲಿ ನಡೆದು ತೋರಿಸ್ಲಿ. ಪಾಸಾದ್ರೆ ಅಧಿಕಾರ ಇಟ್ಕೊಳ್ಳಲಿ. ಇಲ್ಲಾಂದ್ರೆ ಪರೀಕ್ಷೆ ಪಟ್ಟಿ, ಪುಸ್ತಕ ಎಲ್ಲ ಬೇರೆಯವರಿಗೆ ಕೊಡ್ಲಿ."

ಹದಿನೈದು ಕೈಗಳು ಮೇಲೆದ್ದವು. ಫೆನ್ವಿಕ್‌ನ ಕೈಯೂ. (ಅವನ ಬೆಲ್ಟಿನ ಬಕಲು ತಪ್ಪು ಶತಮಾನದ್ದು ಎಂದು ಹಿಂದಿನ ವಾರವಷ್ಟೇ ಹೇಳಿದ್ದೆ.)

ನಾನು ಸಂಶೋಧನೆಗೆ ಇಳಿದೆ. ನಾಲ್ವರು ಪ್ರಾಧ್ಯಾಪಕರಿಗೆ ಪತ್ರ ಬರೆದು ನಮ್ಮ ಗಡಿಯಲ್ಲಿದ್ದ ರೋಮನ್ನರ ಗುರಾಣಿಯ ಮೇಲೆ ಏನು ಚಿತ್ತಾರವಿತ್ತು ಎಂದು ಕೇಳಿದೆ. ಮೂವರು ಖಚಿತವಾಗಿ ಗೊತ್ತಿಲ್ಲ ಎಂದು ಬರೆದರು. ನಾಲ್ಕನೆಯವರು ಆರೋಗ್ಯ ನೋಡಿಕೊಳ್ಳಿ ಎಂದು ಬರೆದರು. ಪ್ರಾಧ್ಯಾಪಕರೇ ಹೀಗಾದ ಮೇಲೆ ದೇಶದಲ್ಲಿ ತಿಳಿದವನು ನಾನೊಬ್ಬನೇ ಎಂಬುದು ಖಾತ್ರಿಯಾಯಿತು. ಚಿತ್ತಾರ ಸಮೇತ ಉಳಿದಿರುವ ಬಾಗಿದ ಗುರಾಣಿ ಜಗತ್ತಿನಲ್ಲಿ ಒಂದೇ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ಮಣ್ಣಿನಲ್ಲಿ ಸಿಕ್ಕಿದ್ದು. ತೆಳುವಾದ ಮರದ ಪಟ್ಟಿಗಳ ಮೂರು ಪದರ, ಮೇಲೆ ಹದ್ದು, ಸಿಂಹ. ಅದನ್ನೇ ಮಾಡುವುದೆಂದು ನಿಶ್ಚಯಿಸಿದೆ. ಅಂಟು ತೊಗಲಿನದೇ, ಬಣ್ಣ ಹಾಲಿನ ಗಿಣ್ಣಿಗೆ ಸುಣ್ಣ ಬೆರೆಸಿದ್ದೇ, ಅಂಚಿಗೆ ಹಸಿ ಚರ್ಮದ ಪಟ್ಟಿಯೇ. ಇದನ್ನೆಲ್ಲ ನಲವತ್ತು ಪುಟದ ಸುತ್ತೋಲೆಯಾಗಿ ಬರೆದು ದಂಡಿನವರಿಗೂ ಹಂಚಿದೆ, ನಾಚಿಕೆಯಾದರೂ ಆಗಲಿ ಎಂದು.

ಹೀಗಾಗಿ ಸ್ನಾನದ ತೊಟ್ಟಿಯಲ್ಲಿ ಮರದ ಪಟ್ಟಿಗಳು ನೆನೆಯುತ್ತಿದ್ದವು, ಒಲೆಯ ಮೇಲೆ ಅಂಟು ಕುದಿಯುತ್ತಿತ್ತು, ಊಟದ ಮೇಜಿನ ಮೇಲೆ ಹದ್ದಿನ ರೆಕ್ಕೆ ಒಣಗುತ್ತಿತ್ತು. ಡೋರೀನ್ ಮಹಡಿಯ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಗ್ರೇವಿ ಎಂಬ ಅವಳ ನಾಯಿ ಮಾತ್ರ ಹಂಡೆಯ ಹತ್ತಿರದಿಂದ ಕದಲುತ್ತಿರಲಿಲ್ಲ. ಮನೆಯಲ್ಲಿ ಚಾರಿತ್ರಿಕ ಪ್ರಜ್ಞೆ ಇದ್ದದ್ದು ಅದಕ್ಕೊಂದಕ್ಕೇ.

"ರೀ, ಫ್ರಿಜ್ಜಲ್ಲಿದ್ದ ಗಿಣ್ಣು ಎಲ್ಲಿ?"

"ಸಿಂಹಕ್ಕೆ ಹಚ್ಚಿದೆ."

"ನಾನು ಸ್ನಾನ ಮಾಡಿ ನಾಲ್ಕು ದಿನ ಆಯ್ತು."

"ರೋಮನ್ನರು ಎಣ್ಣೆ ಹಚ್ಚಿ ಕೆರೆದುಕೊಳ್ತಿದ್ರು ಕಣೇ."

"ಕೆರೀತೀನಿ, ಮೊದಲು ನಿಮ್ಮನ್ನ."

ಮಾಡಲು ಬೇರೆ ಕೆಲಸವಿಲ್ಲದೆ ಅವಳು ಆ ಮೆಟ್ಟಿಲ ಮೇಲೆಯೇ ನನ್ನ ಪುಸ್ತಕಗಳನ್ನು ಓದಲು ಶುರುಮಾಡಿದಳು. ನಾನು ಒಳಗೊಳಗೇ ನಕ್ಕೆ. ಹೆಣಿಗೆ ಪತ್ರಿಕೆ ಓದುವವಳಿಗೆ ಉತ್ಖನನ ವರದಿ ಏನು ದಕ್ಕೀತು? ಮೇ ತಿಂಗಳ ಕೊನೆಗೆ ಒಂದು ದಿನ ಅವಳು ಕೈಯಲ್ಲಿ ದೊಡ್ಡದೊಂದು ತೊಗಲಿನ ಚೀಲ ಹಿಡಿದು ಕೆಳಗೆ ಬಂದಳು. ತನ್ನ ಆಡಿನ ತೊಗಲಿನ ಕೋಟು ಬಿಚ್ಚಿ ಹೊಲಿದಿದ್ದಳು. ಮದುವೆಯಾದ ಹೊಸತರಲ್ಲಿ ನಾನೇ ಕೊಡಿಸಿದ್ದ ಕೋಟು.

"ಗುರಾಣಿಗೆ ಗವಸು," ಎಂದಳು. "ದಂಡು ನಡೆಯೋವಾಗ ಗುರಾಣಿಗೆ ಆಡಿನ ತೊಗಲಿನ ಗವಸು ಹಾಕ್ತಿದ್ರಂತೆ. ಕೋಟೆ ಕಂದಕದಲ್ಲಿ ಚೂರು ಸಿಕ್ಕಿವೆ ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಇಲ್ದಿದ್ರೆ ಮಳೇಲಿ ಅಂಟು ಬಿಟ್ಕೊಳ್ಳುತ್ತಂತೆ. ಕೈಯಲ್ಲೇ ಹೊಲಿದಿದೀನಿ ರೀ."

ನಾನು ಭೂತಗನ್ನಡಿ ತಂದು ಹೊಲಿಗೆ ಪರೀಕ್ಷಿಸಿದೆ. ಸತ್ಯ ಹೇಳಬೇಕೆಂದರೆ ಅದರಲ್ಲಿ ಒಂದೇ ಒಂದು ತಪ್ಪಿರಲಿಲ್ಲ, ಅದೇ ನನ್ನನ್ನು ಕೆರಳಿಸಿತು. ಮೇಲಾಗಿ ಗವಸು ಹಾಕಿದರೆ ನಾಲ್ಕು ತಿಂಗಳ ಹದ್ದನ್ನು ಯಾರು ನೋಡುತ್ತಾರೆ?

"ಹೊಲಿಗೆ ತುಂಬಾ ಸಮನಾಗಿದೆ," ಎಂದೆ. "ಸಿಪಾಯಿ ಹೊಲಿದ ಹಾಗಿಲ್ಲ. ಅನುತ್ತೀರ್ಣ."

ಡೋರೀನ್ ಗವಸು ಮಡಚಿ ಕಂಕುಳಲ್ಲಿಟ್ಟುಕೊಂಡು, ನಾಯಿಯನ್ನು ಕರೆದುಕೊಂಡು ಹೊರಗೆ ಹೋದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಪ್ರದರ್ಶನದ ದಿನ ನನ್ನ ಗುರಾಣಿ ನೋಡಲು ದಂಡಿಗೆ ದಂಡೇ ಸುತ್ತ ನೆರೆಯಿತು. ಹದ್ದು ಹಾರುವಂತಿತ್ತು, ಸಿಂಹ ಗುರುಗುಟ್ಟುವಂತಿತ್ತು. ಫೆನ್ವಿಕ್ ಕೂಡ ಬಾಯಿ ತೆರೆದು ನಿಂತಿದ್ದ (ಬೇರೆಯವರ ಬಾಯಿ ತೆರೆಸುವವನು). ನಾನು ಮುಂದಿನ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿ ಕೀತ್. ಅವನ ಗುರಾಣಿಗೆ ಗವಸು ಹಾಕಿತ್ತು. ಆಡಿನ ತೊಗಲಿನ ಗವಸು. ಹೊಲಿಗೆ ತುಂಬಾ ಸಮನಾಗಿತ್ತು.

"ಎಲ್ಲಿ ಸಿಕ್ತು ಇದು?" ಎಂದೆ.

"ನಿನ್ನ ಹೆಂಡ್ತಿ ಕೊಟ್ಲು. ನಮ್ಮನೇಲಿ ಸ್ನಾನ ಮಾಡೋಕೆ ಬಂದಿದ್ಲಲ್ಲ," ಎಂದ ಕೀತ್.

ಉತ್ತರ ಕೊಡುವಷ್ಟರಲ್ಲಿ ನಡಿಗೆ ಶುರುವಾಯಿತು, ಮಳೆಯೂ ಶುರುವಾಯಿತು. ನಮ್ಮ ಕಡೆ ಜೂನ್ ತಿಂಗಳಲ್ಲಿ ಮಳೆ ಬರದಿದ್ದರೆ ಜನ ಗಾಬರಿಯಾಗುತ್ತಾರೆ. ಕಾಲು ಮೈಲಿಗೆ ಸಿಂಹದ ಬಣ್ಣ ನನ್ನ ಮೊಣಕಾಲಿಗೆ ಇಳಿಯಿತು. ಅರ್ಧ ಮೈಲಿಗೆ ಅಂಚಿನ ಹಸಿ ಚರ್ಮ ಸಡಿಲವಾಗಿ ನೆಲದ ಮೇಲೆ ಎಳೆಯತೊಡಗಿತು. ಮುಕ್ಕಾಲು ಮೈಲಿಗೆ ಮೂರು ಪದರಗಳೂ ಪರಸ್ಪರ ಸಂಬಂಧ ಕಡಿದುಕೊಂಡು ಒಂದೊಂದೇ ಪಟ್ಟಿ ದಾರಿಯಲ್ಲಿ ಉದುರಿದವು. ಹಿಂದಿನವರು ಹುಷಾರಾಗಿ ದಾಟಿಕೊಂಡು ಬಂದರು. ಮೈಲಿ ಮುಗಿದಾಗ ನನ್ನ ಕೈಯಲ್ಲಿ ಉಳಿದದ್ದು ಹಿಡಿ ಮಾತ್ರ. ಅದನ್ನೇ ಎದೆಗೆ ಅಡ್ಡ ಹಿಡಿದು ಸೆಟೆದು ನಿಂತಿದ್ದೆ. ನನಗೆ ಅಳು ಬಂದಿತ್ತು. ಮಳೆ ಇದ್ದದ್ದು ಒಳ್ಳೆಯದಾಯಿತು.

ಕೀತ್ ಗವಸು ತೆಗೆದ. ಒಳಗೆ ಮೂರು ಪದರದ, ತೊಗಲಿನ ಅಂಟಿನ, ಗಿಣ್ಣಿನ ಬಣ್ಣದ ಗುರಾಣಿ ಬೆಚ್ಚಗೆ ಕೂತಿತ್ತು. ಹದ್ದಿನ ಒಂದು ಗರಿಯೂ ಅಲುಗಿರಲಿಲ್ಲ.

"ನಿನ್ನ ನಲವತ್ತು ಪುಟಾನೂ ಓದಿದೆ ವಿಲ್ಫ್," ಎಂದ ಕೀತ್. "ಚೆನ್ನಾಗಿ ಬರ್ದಿದೀಯ. ಗವಸಿನ ವಿಷಯ ಒಂದು ಬಿಟ್ಟಿದೀಯ, ಅಷ್ಟೆ."

ಫೆನ್ವಿಕ್ ಗವಸನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿದವರು ಯಾರು ಎಂದು ಕೇಳಿದ. ಡೋರೀನ್ ಕೊಡೆ ಹಿಡಿದು ಮುಂದೆ ಬಂದಳು. ಕಂದಕದ ತೊಗಲು, ಹೊಲಿಗೆಯ ಬಗೆ, ಪುಸ್ತಕದ ಪುಟಸಂಖ್ಯೆ ಎಲ್ಲವನ್ನೂ ಬಾಯಿಪಾಠ ಹೇಳಿದಳು. ಮತ್ತೆ ಹದಿನೈದು ಕೈಗಳು ಮೇಲೆದ್ದವು. ನನ್ನ ಪಟ್ಟಿ, ಪುಸ್ತಕ, ಭೂತಗನ್ನಡಿ ಅಲ್ಲಿಯೇ ಕೈ ಬದಲಾಯಿಸಿದವು.

ಏಳನೆಯ ನಿಯಮದಂತೆ ಮಧ್ಯಾಹ್ನದ ಕಾಳಗಕ್ಕೆ ಕೀತ್‌ನ ಹಳೆಯ ಚೌಕುಳಿ ಚಲ್ಲಣ ನನಗೆ ಬಂತು, ಸೊಂಟದಲ್ಲಿ ಬಿಗಿ. ಮುಖಕ್ಕೆ ನೀಲಿ ಬಳಿದುಕೊಂಡು ಕಾಡುಜನರ ಸಾಲಿನಲ್ಲಿ ನಿಂತೆ. ಹೊಸ ಯಥಾರ್ಥತಾಧಿಕಾರಿ ಒಬ್ಬೊಬ್ಬರನ್ನೇ ಪರೀಕ್ಷಿಸುತ್ತಾ ಬಂದು ನನ್ನ ಮುಂದೆ ನಿಂತಳು. ಚಲ್ಲಣ ನೋಡಿದಳು, ಪರವಾಗಿಲ್ಲ ಎಂದಳು. ನೀಲಿ ನೋಡಿದಳು, ಇನ್ನೂ ಸ್ವಲ್ಪ ಬಳಿಯಬಹುದಿತ್ತು ಎಂದಳು. ಆಮೇಲೆ ನನ್ನ ಎಡಗೈ ಹಿಡಿದು ಭೂತಗನ್ನಡಿ ಇಟ್ಟಳು.

"ಉಂಗುರ," ಎಂದಳು.

"ನೀನೇ ಹಾಕಿದ್ದು ಕಣೇ."

"ಈ ಕಾಡಿನ ಜನ ಮದುವೆ ಉಂಗುರ ಹಾಕ್ತಿದ್ರು ಅನ್ನೋದಕ್ಕೆ ಆಧಾರ ಏನಿದೆ? ತೆಗೀರಿ."

ಎಳೆದೆ. ತಿರುಚಿದೆ. ಮದುವೆಯಾಗಿ ಮೂವತ್ತೊಂದು ವರ್ಷವಾದ ಬೆರಳು ಅದು, ಉಂಗುರ ಒಂದು ಎಳೆಯಷ್ಟೂ ಜರುಗಲಿಲ್ಲ. ಪಕ್ಕದಲ್ಲಿ ಕೀತ್ ಆಕಾಶ ನೋಡುತ್ತಾ ನಿಂತಿದ್ದ. ಡೋರೀನ್ ಪುಸ್ತಕ ತೆರೆದು, ನನ್ನದೇ ಪೆನ್ನಿನಿಂದ, ನನ್ನ ಹೆಸರಿನ ಮುಂದೆ ಅನುತ್ತೀರ್ಣ ಎಂದು ದುಂಡಗೆ ಬರೆದಳು.

"ರೋಮನ್ ಆಗೋಕೂ ಆಗ್ಲಿಲ್ಲ, ಕಾಡುಮನುಷ್ಯ ಆಗೋಕೂ ಆಗ್ಲಿಲ್ಲ. ಈಗ ನಾನೆಲ್ಲಿಗೆ ಹೋಗ್ಲಿ?" ಎಂದೆ.

"ಮನೆಗೆ," ಎಂದಳು. "ಹಂಡೆ ತೊಳೆದು, ತೊಟ್ಟಿ ತಿಕ್ಕಿ, ಆರು ಗಂಟೆಗೆ ನನಗೆ ಬಿಸಿನೀರು ಕಾಯಿಸಿಡಿ. ಬಂದು ಪರೀಕ್ಷೆ ಮಾಡ್ತೀನಿ."

ಮನೆಯ ದಾರಿ ಹಿಡಿದೆ. ಉದುರಿದ ಪಟ್ಟಿಗಳನ್ನಾದರೂ ಆಯ್ದುಕೊಳ್ಳೋಣವೆಂದು ಗೋಡೆಯ ಪಕ್ಕದಲ್ಲೇ ನಡೆದೆ. ಗ್ರೇವಿ ಅಲ್ಲಿಯೇ ಒಂದು ಕಲ್ಲಿನ ಮರೆಯಲ್ಲಿ ಮಲಗಿ ನನ್ನ ಗುರಾಣಿಯ ಅಂಚಿನ ಚರ್ಮವನ್ನು ಶ್ರದ್ಧೆಯಿಂದ ಅಗಿಯುತ್ತಿತ್ತು. ಅಸಲಿ ಮಾಲು ಎಂದು ಅದಕ್ಕೊಂದಕ್ಕೇ ಗೊತ್ತಾಗಿತ್ತು. ನಾನು ಬಗ್ಗಿ ಅದರ ತಲೆ ಸವರಲು ಹೋದೆ. ಅದು ನನ್ನ ನೀಲಿ ಮುಖ ನೋಡಿ ಹಲ್ಲು ತೋರಿಸಿ ಗುರ್ ಎಂದಿತು.