ಒಲೆಯ ಕಡೆ ಒಂದು ಗೇಣು ಮಾತ್ರ ಎದ್ದ ಚಾವಣಿಯವರಿಗೆ

ಇವರಿಗೆ,
ಮಾನ್ಯ ಮೇಲೇಳುವ ಚಾವಣಿಯವರು,
ಪಿಕಪ್ ಗಾಡಿಯ ಬೆನ್ನಿನ ಮೇಲೆ,
ನಮ್ಮ ಮನೆಯ ಮುಂದೆ, ಲಷ್ಕರ್ ಮೊಹಲ್ಲಾ, ಮೈಸೂರು.

ಮಾನ್ಯರೇ,

ತಮ್ಮ ನಾಲ್ಕು ಕಬ್ಬಿಣದ ಕಾಲುಗಳಿಗೂ, ಮಡಚಿ ಕೂತಿರುವ ಕ್ಯಾನ್ವಾಸ್ ಗೋಡೆಗಳಿಗೂ, ಮನಸ್ಸು ಬಂದಾಗ ಮಾತ್ರ ಗುರ್ ಎನ್ನುವ ಮೋಟಾರಿಗೂ ನನ್ನ ಬೇರೆ ಬೇರೆ ನಮಸ್ಕಾರಗಳು. ನೀಲಿ ಟಾರ್ಪಾಲಿನ ಕೆಳಗೆ ತಾವು ಕ್ಷೇಮವಾಗಿ ಮಲಗಿರುವುದನ್ನು ಅಡುಗೆಮನೆಯ ಕಿಟಕಿಯಿಂದ ದಿನಕ್ಕೆ ಹತ್ತು ಸಲ ನೋಡುತ್ತಿರುವುದರಿಂದ ಕ್ಷೇಮಸಮಾಚಾರ ಕೇಳುವ ಅಗತ್ಯವಿಲ್ಲ. ನಾನು ಪಾರ್ವತಮ್ಮ, ವಯಸ್ಸು ಐವತ್ತೇಳು, ತಮ್ಮನ್ನು ಕಟ್ಟಿಸಿದ ಶ್ರೀ ಸಿದ್ದಲಿಂಗಸ್ವಾಮಿಯವರ ಧರ್ಮಪತ್ನಿ. ಇದುವರೆಗೆ ಗ್ಯಾಸ್ ಏಜೆನ್ಸಿಗೆ ಎರಡು ದೂರು, ಬೀದಿದೀಪದ ಬಗ್ಗೆ ಒಂದು ದೂರು ಬರೆದ ಅನುಭವವಿದೆ. ಚಾವಣಿಗೆ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯವಿಲ್ಲದವರಿಗಾಗಿ ತಮ್ಮ ಗುಣಗಾನವನ್ನು ಮೊದಲು ಮುಗಿಸಿಬಿಡುತ್ತೇನೆ. ಗಾಡಿ ಓಡುವಾಗ ತಾವು ಬಲು ವಿನಯದಿಂದ ತಗ್ಗಿ, ಡಬ್ಬಿಯ ಮುಚ್ಚಳದಂತೆ ಕೂತಿರುತ್ತೀರಿ. ಗಾಡಿ ನಿಂತ ಮೇಲೆ ಗುಂಡಿ ಒತ್ತಿದರೆ ನಾಲ್ಕು ಮೂಲೆಯ ಕಾಲುಗಳು ತಮ್ಮನ್ನು ಮೂರು ಅಡಿ ಮೇಲಕ್ಕೆತ್ತುತ್ತವೆ, ಸುತ್ತಲಿನ ಕ್ಯಾನ್ವಾಸು ಬಿಚ್ಚಿಕೊಂಡು ಗೋಡೆಯಾಗುತ್ತದೆ, ಒಳಗೆ ಆರಡಿಯ ಮನುಷ್ಯ ನಿಂತು ಮೈಮುರಿಯಬಹುದು. ಒಂದು ಕೊನೆಯಲ್ಲಿ, ಡ್ರೈವರ್ ಸೀಟಿನ ಮೇಲ್ಗಡೆ, ಹಾಸಿಗೆ. ಇನ್ನೊಂದು ಕೊನೆಯಲ್ಲಿ ಒಲೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಗಾಡಿಯ ಮೇಲೆ ಮನೆ ಕಟ್ಟಿ ನೋಡಿರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಿಂದ ನಿವೃತ್ತರಾದ ನಮ್ಮ ಯಜಮಾನರು ಅದನ್ನೂ ಮಾಡಿ ನೋಡಿದರು. ವಿದೇಶದವರು ಇಂಥ ಗಾಡಿಗಳಲ್ಲಿ ಮರುಭೂಮಿ, ಹಿಮದ ಬೆಟ್ಟ ಎಂದು ನಿರ್ಜನ ಜಾಗಗಳನ್ನು ಹುಡುಕಿಕೊಂಡು ಹೋಗುವ ವಿಡಿಯೋಗಳನ್ನು ಎರಡು ವರ್ಷ ಮೊಬೈಲಿನಲ್ಲಿ ನೋಡಿ, ಒಂದು ಹಳೆಯ ಪಿಕಪ್ ಕೊಂಡು, ಕಡಕೊಳದಲ್ಲಿ ಬಾಡಿ ಕಟ್ಟುವ ಬೀರೇಶನ ಶೆಡ್ಡಿಗೆ ಐದು ತಿಂಗಳು ದಿನಾ ಹೋಗಿ ತಮ್ಮನ್ನು ತಯಾರು ಮಾಡಿಸಿದರು. ಆ ಐದು ತಿಂಗಳೂ ಅವರ ಊಟದ ಡಬ್ಬಿ ಕಟ್ಟಿದವಳು ನಾನು ಎಂಬುದನ್ನು ತಮ್ಮ ಗಮನಕ್ಕೆ ಸುಮ್ಮನೆ ತರುತ್ತಿದ್ದೇನೆ.

ತಮ್ಮನ್ನು ಕಟ್ಟುವ ಕಾಲದಲ್ಲಿ ಯಜಮಾನರು ಒಂದು ದಿನ ಪೆನ್ನು ಕಾಗದ ಹಿಡಿದು ಬಂದು, ಒಳಗೆ ನಿನಗೇನು ಬೇಕೋ ಹೇಳು, ಬರಕೊಳ್ತೀನಿ ಎಂದರು. ಮೂವತ್ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅಪರೂಪ. ನಮ್ಮದು ಮೂವರು ಅಣ್ಣತಮ್ಮಂದಿರು ಒಟ್ಟಿಗಿರುವ ಮನೆ. ಓರಗಿತ್ತಿಯರಿಬ್ಬರೂ ಕೆಲಸಕ್ಕೆ ಹೋಗುವವರು, ನಾನು ಮನೆಯಲ್ಲಿರುವ ಹಿರಿಸೊಸೆ. ಬೆಳಗ್ಗೆ ಐದಕ್ಕೆ ಒಬ್ಬರು ಬಿಸಿನೀರು ಎನ್ನುತ್ತಾರೆ, ಐದೂಕಾಲಿಗೆ ಇನ್ನೊಬ್ಬರು ಕಾಫಿ ಎನ್ನುತ್ತಾರೆ, ಆಮೇಲೆ ಟವೆಲ್ಲು, ವಿಭೂತಿ, ಸ್ಕೂಟರಿನ ಬೀಗದ ಕೈ, ಎಲ್ಲವೂ ನನ್ನ ಹೆಸರಿನಿಂದಲೇ ಶುರುವಾಗುತ್ತವೆ. ಎರಡು ಬಾಣಂತನ, ಒಂದು ಟೈಫಾಯ್ಡ್ ಬಿಟ್ಟರೆ ಆರು ಗಂಟೆಯವರೆಗೆ ಮಲಗಿದ ನೆನಪು ನನಗಿಲ್ಲ. ಅದಕ್ಕೇ ಅವತ್ತು ಹೇಳಿದೆ, "ನಂಗೇನೂ ಬೇಡ ಕಣ್ರೀ. ಯಾರೂ ಕೂಗದೇ ಇರೋ ಒಂದು ಬೆಳಗ್ಗೆ ಸಾಕು."

ಯಜಮಾನರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಆ ಕಾಗದ ನೋಡಿದೆ. ನನ್ನ ಹೆಸರಿನ ಮುಂದೆ 'ಸೌಂಡ್ ಪ್ರೂಫ್' ಎಂದಿತ್ತು. ತಮ್ಮ ಕ್ಯಾನ್ವಾಸಿನ ಒಳಗೆ ಎರಡು ಬೆರಳು ದಪ್ಪದ ಸ್ಪಂಜು ಇರುವುದು ಆ ಕಾರಣಕ್ಕೆ.

ತಾವು ಕಡಕೊಳದಿಂದ ನಮ್ಮ ಬೀದಿಗೆ ಬಂದಿಳಿದದ್ದು ಶ್ರಾವಣದಲ್ಲಿ. ಯಜಮಾನರು ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿ ಹೊರಟುಬಿಡೋಣ ಎಂದು ಸಿದ್ಧರಾಗಿದ್ದರು. ಆಗ ಅವರ ಸೋದರತ್ತೆ, ಎಂಬತ್ತೆರಡು ವರ್ಷದ ಪುಟ್ಟತಾಯಮ್ಮನವರು, ಏಣಿ ಹಿಡಿದು ನಿಂತು ಒಳಗೆ ಇಣುಕಿ ನೋಡಿ ತೀರ್ಪು ಕೊಟ್ಟರು. "ಒಲೆ ಅದೆ, ಹಾಸ್ಗೆ ಅದೆ, ಬಾಗ್ಲದೆ. ಇದು ಗಾಡಿ ಅಲ್ಲ ಕಣೋ ಸಿದ್ದಲಿಂಗ, ಮನೆ. ಹಾಲುಕ್ಕಿಸದೆ ಒಳಗೆ ಮಲಗ್ಬುಟ್ಟೀಯಾ." ಅತ್ತೆಯ ಮಾತಿಗೆ ನಮ್ಮಲ್ಲಿ ಅಪೀಲಿಲ್ಲ. ಹೀಗೆ ತಮಗೆ ಗೃಹಪ್ರವೇಶ ನಿಶ್ಚಯವಾಯಿತು.

ಹಾಲು ಪೂರ್ವಕ್ಕೆ ಉಕ್ಕಬೇಕು. ತಮ್ಮ ಒಲೆ ಗಾಡಿಯ ಹಿಂಭಾಗದಲ್ಲಿದೆ, ನಮ್ಮ ಬೀದಿ ಉತ್ತರ ದಕ್ಷಿಣವಾಗಿದೆ. ಆದ್ದರಿಂದ ಗಾಡಿಯನ್ನು ಬೀದಿಗೆ ಅಡ್ಡಲಾಗಿ ನಿಲ್ಲಿಸಲಾಯಿತು, ಆಟೋಗಳೂ ಹೂವಿನ ತಳ್ಳುಗಾಡಿಯೂ ಒಂದು ಗಂಟೆ ಭಕ್ತಿಯಿಂದ ಕಾದವು. ನಲವತ್ತು ಜನ ನಂಟರು ಒಬ್ಬೊಬ್ಬರಾಗಿ ಏಣಿ ಹತ್ತಿ, ಬಲಗಾಲಿಟ್ಟು ಒಳಗೆ ಹೋಗಿ, ತಿರುಗಲು ಜಾಗವಿಲ್ಲದೆ ಹಿಂದಕ್ಕೇ ಇಳಿದರು. ಹಾಲು ತಪ್ಪಿಯೂ ಪಶ್ಚಿಮಕ್ಕೆ ಉಕ್ಕಬಾರದೆಂದು ಅತ್ತೆ ಪಾತ್ರೆಯ ಆ ಕಡೆಯ ಅಂಚಿನಡಿಗೆ ಚಮಚ ಒತ್ತುಕೊಟ್ಟಿದ್ದರು. ಬೆಲ್ಲ ಹಾಕಿದ ಎರಡು ಲೀಟರ್ ಹಾಲು ಶಾಸ್ತ್ರೋಕ್ತವಾಗಿ ಪೂರ್ವಕ್ಕೇ ಉಕ್ಕಿ, ಒಲೆಯ ಹಿಂದಿನ ಸಂದಿಯಲ್ಲಿ ಇಳಿದು, ತಮ್ಮ ಎರಡು ಹಿಂಗಾಲುಗಳ ವೈರು ಮೋಟಾರುಗಳಿರುವ ಪೆಟ್ಟಿಗೆಯನ್ನು ಸೇರಿತು. ಎಲ್ಲರೂ ಶುಭವಾಯಿತು ಎಂದರು. ನಾನೂ ಎಂದೆ, ಸುಳ್ಳು ಹೇಳಲಾರೆ.

ಗೃಹಪ್ರವೇಶವಾದ ಮನೆಯನ್ನು ಖಾಲಿ ಬಿಡಬಾರದಂತೆ. ಮೂರು ರಾತ್ರಿ ನಂಟರು ಸರದಿಯ ಮೇಲೆ ತಮ್ಮೊಳಗೆ ಮಲಗಿದರು. ಆಮೇಲೂ ಒಂದಲ್ಲ ಒಂದು ನೆಪದಲ್ಲಿ ಬರುತ್ತಲೇ ಇದ್ದರು, ಅಷ್ಟರಲ್ಲಿ ದಸರಾ ಬಂತು. ಮೈಸೂರಿನಲ್ಲಿ ಮನೆಯಿರುವವರ ದಸರಾ ಹೇಗಿರುತ್ತದೆಂದು ತಮಗೆ ಈಗ ಗೊತ್ತಾಗಿರಬೇಕು. ಹತ್ತು ದಿನವೂ ತಮ್ಮೊಳಗೆ ಮೂರು ಮೂರು ಜನ, ಸೌಂಡ್ ಪ್ರೂಫ್ ಬಹಳ ಚೆನ್ನಾಗಿದೆ ಅಂತ ಅವರ ಸರ್ಟಿಫಿಕೇಟು ಬೇರೆ. ಜನವಿಲ್ಲದ ಜಾಗಕ್ಕೆ ಕರೆದೊಯ್ಯುತ್ತೀರೆಂದು ನಂಬಿದ್ದ ನನಗೆ ತಾವು ದಯಪಾಲಿಸಿದ್ದು ಕಸ ಗುಡಿಸಲು ಇನ್ನೊಂದು ಮನೆ, ರಂಗೋಲಿ ಹಾಕಲು ಇನ್ನೊಂದು ಬಾಗಿಲು, ಏಣಿ ಹತ್ತಿ ಕೊಡಬೇಕಾದ ಕಾಫಿ. ಈ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯುವುದಿಲ್ಲ.

ದಸರಾ ಮುಗಿದ ಮೇಲೆ ತಮ್ಮ ಹಿಂಗಾಲುಗಳು ತಡವರಿಸತೊಡಗಿದವು. ಬೀರೇಶ ಬಂದು ಪೆಟ್ಟಿಗೆ ಬಿಚ್ಚಿದರೆ ಒಳಗೆ ಇರುವೆಗಳೂ ಬೇರೆ ಸಂಸಾರ ಹೂಡಿದ್ದವು. ಅವನು ಬಹಳ ಹೊತ್ತು ನೋಡಿ, "ಅಮ್ಮಾ, ಹದಿನೆಂಟು ವರ್ಷದಿಂದ ಗಾಡಿ ಕೆಲ್ಸ ಮಾಡ್ತಿವ್ನಿ, ಗಾಡಿಗೆ ಹಾಲು ಕುಡ್ಸಿದ್ದು ನೀವೇ ಮೊದ್ಲು ಕಣಮ್ಮ" ಎಂದ. ಉಜ್ಜಿ ಒರೆಸಿ, ಎಣ್ಣೆ ಬಿಟ್ಟು ಹೋದ. ಬೀದಿಯಲ್ಲಿ ಹತ್ತು ಸಲ ಗುಂಡಿ ಒತ್ತಿದರೂ ತಾವು ಹತ್ತು ಸಲವೂ ಒಳ್ಳೆಯ ಹುಡುಗರಂತೆ ಎದ್ದಿರಿ. ಆ ನಂಬಿಕೆಯ ಮೇಲೆ ಕಾರ್ತಿಕದಲ್ಲಿ ನಾವಿಬ್ಬರೇ ಹೊರಟೆವು. ಜೊತೆಗೆ ಬರುತ್ತೇವೆಂದು ನಿಂತ ನಂಟರನ್ನು ತಪ್ಪಿಸಲು ನಾನು ಹೇಳಿದ ಸುಳ್ಳುಗಳ ಪಾಪದಲ್ಲಿ ಅರ್ಧ ತಮಗೂ ಸೇರಬೇಕು.

ಸರಗೂರು ದಾಟಿ, ಟಾರು ಮುಗಿದ ಮೇಲೂ ಆರು ಕಿಲೋಮೀಟರು ಹೋದೆವು. ಎದುರಿಗೆ ಹಿನ್ನೀರು, ಸುತ್ತ ಬಯಲು, ಫೋನಿನಲ್ಲಿ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ. ಚಪ್ಪಲಿ ಬಿಚ್ಚಿ ಸುಮ್ಮನೆ ಓಡಾಡಿದೆ. ಸಂಜೆ ಯಜಮಾನರು ಗುಂಡಿ ಒತ್ತಿದರು. ಹಾಸಿಗೆಯ ಕಡೆ ತಾವು ಪೂರ್ತಿ ಎದ್ದಿರಿ. ಒಲೆಯ ಕಡೆ ಒಂದು ಗೇಣು ಎದ್ದು, ಒಂದು ಸಲ ಕೆಮ್ಮಿ, ನಿಂತುಬಿಟ್ಟಿರಿ. ಯಜಮಾನರು ಒಂಬತ್ತು ಸಲ ಒತ್ತಿದರು, ಕೈಯಿಂದ ತಳ್ಳಿದರು, ಕೊನೆಗೆ ಇಂಗ್ಲಿಷಿನಲ್ಲಿ ಬೈದರು. ಆಡು ಹೊಡೆದುಕೊಂಡು ಆ ಕಡೆ ಬಂದ ಪುಟ್ಟಮಾದಯ್ಯ ಎಂಬ ಹಿರಿಯರು ಕೋಲೂರಿ ನಿಂತು ಎಲ್ಲವನ್ನೂ ನೋಡಿ, "ಮನೆ ಹೊತ್ಕಂಡು ಬಂದಿದ್ದೀರ, ಒಳಗೆ ನಿಂತ್ಕಳಕ್ಕೇ ಆಗಲ್ವಲ್ಲ ಸ್ವಾಮಿ" ಎಂದರು. ಊರಿಂದ ಎರಡು ಬಿದಿರಿನ ಗಳ ತರಿಸಿ ಎತ್ತಿಕೊಡುತ್ತೇನೆಂದೂ ಹೇಳಿದರು. ಯಜಮಾನರು ಬೇಡವೆಂದರು. ಆರಡಿ ಎರಡಂಗುಲ ಎತ್ತರದ ಮನುಷ್ಯರಿಗೆ ಬಿಗುಮಾನವೂ ಅಷ್ಟೇ ಎತ್ತರಕ್ಕಿರುತ್ತದೆ.

ಮಾನ್ಯರೇ, ಇನ್ನು ಮುಂದಿನದು ನನ್ನ ದೂರಿನ ಮುಖ್ಯಭಾಗ, ದಯವಿಟ್ಟು ಗಮನವಿಟ್ಟು ಕೇಳಬೇಕು. ಬೆಳಗ್ಗೆ ಐದಕ್ಕೆ ಅಭ್ಯಾಸಬಲದಿಂದ ಎಚ್ಚರವಾಯಿತು. ಯಾರೂ ಕೂಗಲಿಲ್ಲ. ಕ್ಯಾನ್ವಾಸಿನಾಚೆ ನೀರಕ್ಕಿಗಳ ಸದ್ದು ಮಾತ್ರ. ಹೊದಿಕೆ ಎಳೆದುಕೊಂಡು, ಇದೇ ಆ ಬೆಳಗ್ಗೆ ಎಂದುಕೊಂಡೆ. ಐದೂಕಾಲಿಗೆ ಪಕ್ಕದಿಂದ ದನಿ ಬಂತು: "ಪಾರ್ವತೀ, ಕಾಫಿ ಆಯ್ತಾ?"

ನಾನು ಅವರ ಭುಜಕ್ಕೆ ತಾಗಿಕೊಂಡೇ ಮಲಗಿದ್ದೆ. ಕಣ್ಣು ಬಿಟ್ಟು ನೋಡಿದ್ದರೆ ಕಾಫಿ ಮಾಡುವವಳು ಎಲ್ಲಿದ್ದಾಳೆಂದು ತಿಳಿಯುತ್ತಿತ್ತು. ನೋಡಲಿಲ್ಲ. ಊರು ಬಿಟ್ಟು, ನಂಟರನ್ನು ಬಿಟ್ಟು, ಟಾರು ರಸ್ತೆಯನ್ನೂ ಬಿಟ್ಟು ಬಂದರೆ ಕೂಗುವವರನ್ನೇ ಪಕ್ಕದಲ್ಲಿ ಮಲಗಿಸಿಕೊಂಡು ಬಂದಿದ್ದೆ. ನನಗೆ ಅಳು ಬಂತು. ಸಿಟ್ಟೂ ಬಂತು. ಎರಡನ್ನೂ ನುಂಗಿ, ಓಗೊಡದೆ ಕಣ್ಣು ಮುಚ್ಚಿಕೊಂಡೆ. ಮತ್ತೊಂದು ಸಲ ಕೂಗಿದರು. ಮದುವೆಯಾದಾಗಿನಿಂದ ಅವರ ಕೂಗಿಗೆ ನಾನು ಸುಮ್ಮನಿದ್ದದ್ದು ಅದೇ ಮೊದಲು.

ಆಗ ತಾವು ಮಾಡಿದ ಉಪಕಾರವನ್ನು ಈಗ ಹೊಗಳದೆ ಇರಲಾರೆ. ಯಜಮಾನರು ತಾವೇ ಕೆಳಗಿಳಿದರು. ಒಲೆಯ ಕಡೆ ಹೋಗುತ್ತಲೇ ತಮಗೆ ತಲೆ ತಾಗಿಸಿಕೊಂಡರು. ಬಗ್ಗಿದರು. ಹಾಲಿನ ಪಾಕೀಟಿಗೆ ಕೈಚಾಚಿ ಇನ್ನೊಮ್ಮೆ ತಾಗಿಸಿಕೊಂಡರು, ಇನ್ನೂ ಬಗ್ಗಿದರು, ಮೂರನೆಯ ಸಲಕ್ಕೆ ಮಂಡಿಯೂರಿ ಕೂತರು. ಪುಡಿ ಎಷ್ಟು ಹಾಕಬೇಕೆಂದು ಕೇಳಿದರು, ನಾನು ನಿದ್ದೆಯಲ್ಲಿದ್ದೆ. ಫಿಲ್ಟರು ಮುಟ್ಟಿದವರಲ್ಲ, ಪುಡಿಯನ್ನು ಹಾಲಿಗೇ ಸುರಿದು ಕುದಿಸಿದರು. ಮಂಡಿಯ ಮೇಲೇ ತೆವಳಿಕೊಂಡು ಬಂದು, ಹಾಸಿಗೆಯ ಅಂಚಿಗೆ ಲೋಟ ಚಾಚಿ, "ಚೆನ್ನಾಗಿಲ್ಲ ಅಂತ ಗೊತ್ತು, ಕುಡಿ" ಎಂದರು. ಚರಟ ಹಲ್ಲಿಗೆ ಸಿಕ್ಕಿತು. ಮಲಗಿದ ಹಾಸಿಗೆಯಲ್ಲೇ ಕೂತು ಪೂರ್ತಿ ಕುಡಿದೆ, ಆಮೇಲೆ ಏಳು ಗಂಟೆಯವರೆಗೆ ಮಲಗಿದೆ. ಅತ್ತೆಯಾಗಲಿ, ಬುದ್ಧಿ ಹೇಳುವ ಮಠದ ಅಯ್ಯನವರಾಗಲಿ, ನಾನಾಗಲಿ ಮೂವತ್ನಾಲ್ಕು ವರ್ಷದಲ್ಲಿ ಮಾಡಿಸಲಾಗದ್ದನ್ನು ತಾವು ಒಂದು ಗೇಣು ಎದ್ದು ಮಾಡಿಸಿದಿರಿ.

ಊರಿಗೆ ಬಂದ ಮಾರನೆಯ ದಿನ ಐದೂಕಾಲಿಗೆ ಕೂಗು ಬಂತು, ನಾನು ಎದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾಳೆ, ದೂರು ಯಾರ ಮೇಲೋ, ಪತ್ರ ಯಾರಿಗೋ ಎಂದು ತಾವು ಅಂದುಕೊಂಡರೆ ಅದು ಸರಿ. ಆದರೆ ಮುಖಕ್ಕೆ ಮುಖ ಕೊಟ್ಟು ಹೇಳಿದರೆ ಅವರು ಮತ್ತೆ ಪೆನ್ನು ಕಾಗದ ತರುತ್ತಾರೆ. ಈಗ ಹೊಸ ಮೋಟಾರುಗಳಿಗೆ ಆರ್ಡರು ಹೋಗಿದೆ, ಬಂದ ಕೂಡಲೇ ಬೀರೇಶ ತಮ್ಮನ್ನು ರಿಪೇರಿ ಮಾಡುತ್ತಾನಂತೆ. ಅವನ ಸ್ಪಾನರಿಗೆ ತಾವು ಬಗ್ಗಬಾರದೆಂದು ಕೈಮುಗಿದು ಪ್ರಾರ್ಥಿಸುತ್ತೇನೆ. ಬೀದಿಯಲ್ಲಿ ಬೇಕಾದರೆ ಹತ್ತು ಸಲ ಎದ್ದು ಎಲ್ಲರನ್ನೂ ನಂಬಿಸಿ, ಟಾರು ಮುಗಿದ ಮೇಲೆ ಒಲೆಯ ಕಡೆ ಒಂದು ಗೇಣಿಗಿಂತ ಮೇಲೆ ಏಳಬೇಡಿ. ಸಾಧ್ಯವಿದ್ದರೆ ನಮ್ಮ ಮನೆಯ ಅಡುಗೆಮನೆಗೂ ವರ್ಗವಾಗಿ ಬನ್ನಿ, ಅಲ್ಲಿನ ಚಾವಣಿ ಹತ್ತಡಿ ಎತ್ತರದಲ್ಲಿ ಯಾವ ಕೆಲಸವನ್ನೂ ಮಾಡದೆ ಕೂತಿದೆ. ಗೃಹಪ್ರವೇಶವನ್ನು ನಾನೇ ಮುಂದೆ ನಿಂತು ಮಾಡಿಸುತ್ತೇನೆ, ಹಾಲು ಎಷ್ಟು ಲೀಟರ್ ಬೇಕೋ ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿ, ಹಾಗೂ ಆ ಹಾಸಿಗೆಯಲ್ಲಿ ಒಂದೇ ಒಂದು ಬೆಳಗ್ಗೆ ಮಲಗಿದವಳು,
ಪಾರ್ವತಮ್ಮ

ತಾ.ಕ.: ಈ ಪತ್ರದ ಸಾರವನ್ನು ಯಜಮಾನರಿಗೂ ತಲುಪಿಸಬೇಕಲ್ಲವೇ, ಅದಕ್ಕಾಗಿ ಮನೆಯ ಕಾಫಿಪುಡಿ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಅವರು ಅದನ್ನು ಓದಿದ ದಿನವೇ ನನ್ನ ದೂರೆಲ್ಲ ವಾಪಸ್ಸು. ಅಂಟಿಸಿ ಇಂದಿಗೆ ಇಪ್ಪತ್ತಮೂರು ದಿನ.