ಕ್ಷಿಪಣಿ ಕ್ಯಾಪ್ಟನ್‌ನ ಚೌಕಶಿ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಚೌಕಶಿ ಮಾಡುತ್ತಾರೆ. ಚೌಕಶಿ ಅಂದರೆ ವಿಚಾರಣೆ. ಹುಡುಗ ತಹಸೀಲ್ ಕಚೇರಿಯಲ್ಲಿದ್ದರೆ ಅದರ ಎದುರಿನ ಚಹಾದಂಗಡಿಯಲ್ಲಿ ಕೂತು, "ಇಲ್ಲೊಬ್ಬ ಹುಡುಗ ಇದ್ದಾನಲ್ರಿ, ಹ್ಯಾಂಗ?" ಎಂದು ಕೇಳಿದರಾಯಿತು. ಹುಡುಗನ ಚಟ, ಸಿಟ್ಟು, ಹಳೆಯ ಪ್ರಕರಣ ಎಲ್ಲವೂ ಚಹಾ ಆರುವ ಮೊದಲೇ ಹೊರಗೆ ಬರುತ್ತವೆ. ಆಳಂದದಲ್ಲಿ ವಿಮಾ ಏಜೆಂಟನಾಗಿ ಊರೂರು ತಿರುಗಿದ ನಾನು ಇಂಥ ಎಷ್ಟೋ ಚೌಕಶಿಗಳನ್ನು ಮುಂದೆ ನಿಂತು ಪಾಸು ಮಾಡಿಸಿದ್ದೇನೆ. ಆದ್ದರಿಂದ ಹೆಂಡತಿಯ ಅಕ್ಕನ ಮಗ ಶಿವಶರಣನ ಮದುವೆಯ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ಹೊತ್ತುಕೊಂಡೆ.

ಶಿವಶರಣ ಹವಳಗಾದವನು. ಸೈನ್ಯದಲ್ಲಿ ಕ್ಯಾಪ್ಟನ್, ಅದರಲ್ಲೂ ಕ್ಷಿಪಣಿ ದಳದಲ್ಲಿ. ಎಲ್ಲಿ ಕೆಲಸ ಎಂದು ಹೇಳುವಂತಿಲ್ಲ. ಹೇಳಿದರೂ ಅಲ್ಲಿ ಎದುರಿಗೆ ಚಹಾದಂಗಡಿ ಇಲ್ಲ. ಹೀಗಾಗಿ ಚೌಕಶಿಯೂ ಇಲ್ಲ, ಹೆಣ್ಣೂ ಇಲ್ಲ. ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಕೆಲಸದ ಜಾಗವನ್ನೇ ಮುಚ್ಚಿಡುವ ಹುಡುಗ ಇನ್ನೂ ಏನೇನು ಮುಚ್ಚಿಟ್ಟಾನೋ ಎಂದು ಒಬ್ಬರು ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು.

ಮೂರನೆಯದು ಜೇವರ್ಗಿಯ ಸಂಬಂಧ. ಹುಡುಗಿ ಗೌರಿ, ದನದ ಡಾಕ್ಟರ್. ತಂದೆ ಗುರುಲಿಂಗಪ್ಪ ತೊಗರಿ ವ್ಯಾಪಾರಿ. ಯಾವ ಫೋಟೋ ತೋರಿಸಿದರೂ "ನೋಡ್ರಿ, ನಿಮ್ಮಿಚ್ಛಾ" ಎನ್ನುತ್ತಿದ್ದ ಶಿವಶರಣ ಈ ಸಲ ತಾನಾಗಿ ಫೋನ್ ಮಾಡಿ, "ಕಾಕಾ, ಇದೊಂದು ಆಗೂ ಹಂಗ ನೋಡ್ರಿ" ಎಂದಿದ್ದ. ರಜೆ ಹಾಕಿ ಬಂದೂ ಬಂದ. ಮುಂದಿನ ರಜೆ ಯಾವಾಗ ಎಂಬುದು ಅವನಿಗೇ ಗೊತ್ತಿರಲಿಲ್ಲ.

ನನ್ನ ಹೆಂಡತಿ ಮಹಾದೇವಿ ಮೊದಲೇ ಎಚ್ಚರಿಸಿದ್ದಳು.

"ರೀ, ಇದೂ ತಪ್ಪಿತಂದ್ರ ನಮ್ಮಕ್ಕಗ ನಾ ಮಾರಿ ತೋರ್ಸಾಕ ಆಗಂಗಿಲ್ಲ. ನೀವು ಸುಮ್ಕ ಕುಂಡ್ರಿ. ಮಾತಾಡೋದಿದ್ರ ಅವನ ಮಾತಾಡ್ಲಿ."

"ಅವಗೇನು ಮಾತು ಬರ್ತದ? ನಾಡಿ ಸಿಗದವರಿಗೂ ಪಾಲಿಸಿ ಮಾಡ್ಸಿದವ ನಾ."

"ಅವರು ಎರಡನೇ ಕಂತು ಕಟ್ಟಿದ್ರೇನು?" ಎಂದು ಕೇಳಿ ಅವಳು ಒಳಗೆ ಹೋದಳು.

ಮಾರುವ ಮೊದಲು ಮಾಲಿನ ಗುಣ ತಿಳಿಯಬೇಕು. ಶಿವಶರಣನನ್ನು ಕೂರಿಸಿಕೊಂಡು ಕೇಳಿದೆ.

"ದಿನಾ ಏನ್ ಮಾಡ್ತಿಯಪಾ ಅಲ್ಲಿ?"

"ಮುಂಜಾನೆ ಓಟ. ಆಮ್ಯಾಲ ಕ್ಷಿಪಣಿ ಹೊರೋ ಗಾಡಿ ನೋಡೋದು. ಟೈರಿನ ಗಾಳಿ, ಬ್ಯಾಟರಿ, ಕೀಲಿ, ಸೀಲು, ಎಲ್ಲಾ ಸರಿ ಅದಾವಂತ ಸಹಿ ಮಾಡೋದು. ಮಧ್ಯಾಹ್ನ ಜವಾನರ ರಜಾದ ಅರ್ಜಿ. ಒಬ್ಬನ ತಾಯಿಗಿ ಆರಾಮಿಲ್ಲ, ಇನ್ನೊಬ್ಬನ ಹೊಲದ್ದು ತಕರಾರು. ಸಂಜಿಗಿ ಅವರ ಜೋಡಿ ವಾಲಿಬಾಲ್."

"ಕ್ಷಿಪಣಿ ಯಾವಾಗ ಹಾರಸ್ತಿ?"

"ಒಮ್ಮಿ ಹಾರ್ಸಿದ್ರು, ಪ್ರಾಕ್ಟೀಸಿನಾಗ. ನಾ ಒತ್ತಲಿಲ್ಲ. ದೂರ ನಿಂತು ರಸ್ತಾದಾಗ ದನ ಬರದಂಗ ಕಾಯ್ತಿದ್ದೆ."

ದನ ಕಾಯುವುದು ಮಾರಾಟವಾಗುವ ಮಾಲಲ್ಲ. ಮುಂದಿನ ಬಡ್ತಿಯ ಮಾತು ತೆಗೆದೆ. ಅದಕ್ಕೂ ಅವನು ಅಷ್ಟೇ ಸಪ್ಪಗೆ ಉತ್ತರ ಕೊಟ್ಟ.

"ಒಂದು ಹಂತದ ತನಾ ಕಾಲ ಬಂದಂಗ ಆಗ್ತದ. ಅದರ ಮ್ಯಾಲ ಬೋರ್ಡಿನವರು ಆರಿಸ್ತಾರ. ಎಲ್ಲಾರೂ ಕರ್ನಲ್ ಆಗಂಗಿಲ್ಲ ಕಾಕಾ. ಎರಡ್ಮೂರು ವರ್ಷಕ್ಕ ಬದ್ಲಿ. ಒಂದೊಂದು ಕಡಿ ಹೆಂಡ್ತಿನ ಕರ್ಕೊಂಡು ಹೋಗಾಕೂ ಬರಂಗಿಲ್ಲ."

ಇದನ್ನು ಯಾರು ಕೊಳ್ಳುತ್ತಾರೆ? ಶಿವಶರಣನಿಗೆ ದೇಶ ಕಾಯುವುದು ಗೊತ್ತಿರಬಹುದು, ಸಂಬಂಧ ಕುದುರಿಸುವುದು ಗೊತ್ತಿಲ್ಲ ಎಂದು ತೀರ್ಮಾನಿಸಿ, ಅವನನ್ನು ಮನೆಯಲ್ಲೇ ಬಿಟ್ಟು ಜೇವರ್ಗಿಗೆ ಹೊರಟೆ.

ಗುರುಲಿಂಗಪ್ಪನವರು ಚುಡವಾ, ಚಹಾ ಕೊಟ್ಟು ಉಪಚರಿಸಿದರು. ಒಂದು ಮುಕ್ಕು ಚುಡವಾ ಬಾಯಿಗೆ ಬಿದ್ದದ್ದೇ ನನ್ನ ವಾಕ್ಚಾತುರ್ಯ ಎಚ್ಚರವಾಯಿತು.

"ಹುಡುಗನ ಹೆಬ್ಬೆಟ್ಟಿನ ಕೆಳಗ ಒಂದು ಗುಂಡಿ ಅದರಿ. ಒತ್ತಿದ್ನಂದ್ರ ಮುಗೀತು, ಆ ಕಡಿ ಒಂದು ಊರು ಇರಂಗಿಲ್ಲ. ಇವನ್ನ ಒಂದು ಮಾತು ಕೇಳಲಾರದ ದಿಲ್ಲಿಯವರು ಊಟಕ್ಕೂ ಏಳಂಗಿಲ್ಲ."

ಎಲ್ಲರೂ ಬೆರಗಾದರು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಹುಡುಗಿಯ ಅಜ್ಜಿ ಮಾತ್ರ ಕುಟ್ಟುವುದನ್ನು ನಿಲ್ಲಿಸಿದರು.

"ಹುಡುಗಗ ಸಿಟ್ಟು ಬರ್ತದೇನಪಾ?"

"ಗಂಡ್ಸು ಅಂದಮ್ಯಾಲ ಸ್ವಲ್ಪ ಬರ್ತದ್ರಿ ಆಯಿ," ಎಂದೆ, ಮೀಸೆಯ ಮೇಲೆ ಕೈಯಾಡಿಸುತ್ತ.

ಈ ಉತ್ತರವನ್ನು ಯಾವ ಶತ್ರುವೂ ನನಗೆ ಹೇಳಿಕೊಟ್ಟಿರಲಿಲ್ಲ. ಅದು ನನ್ನ ಸ್ವಂತದ್ದು. ಮರುದಿನ ಬೆಳಿಗ್ಗೆ ಗುರುಲಿಂಗಪ್ಪನವರ ಫೋನ್ ಬಂತು.

"ನಮ್ಮವ್ವ ಊಟ ಬಿಟ್ಟಾಳ್ರಿ. ಗಂಡ-ಹೆಂಡ್ತಿ ಜಗಳ ಆಡಿ ಸಿಟ್ಟಿನಾಗ ಗುಂಡಿ ಒತ್ತಿದ್ರ ಹ್ಯಾಂಗ ಅಂತಾಳ. ನನಗೂ ಹೌದನ್ಸ್ತು. ಮತ್ತ ವೈರಿ ಆದವ ಮೊದ್ಲು ಯಾರ ಮನಿ ನೋಡ್ತಾನ? ಮೊದ್ಲು ಅಳಿಯಂದು, ಎರಡನೇದು ಮಾವಂದು. ನಮ್ಮ ತೊಗರಿ ಗೋದಾಮು ಮನಿಗಿ ಹತ್ಕೊಂಡ ಅದರಿ."

ನಾನು ಗಾಬರಿಯಾದೆ. ಗಾಬರಿಯಾದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ.

"ಅಯ್ಯ, ಹಂಗೇನಿಲ್ರಿ. ಗುಂಡಿನೂ ಇಲ್ಲ ಗಿಂಡಿನೂ ಇಲ್ಲ. ಟೈರಿನ ಗಾಳಿ ನೋಡ್ತಾನ, ಕೀಲಿ ಹಾಕ್ಯಾದಿಲ್ಲ ನೋಡ್ತಾನ, ದನ ಬಂದ್ರ ಹೊಡೀತಾನ. ಅಷ್ಟ ಅವನ ಕೆಲಸ."

ಗುರುಲಿಂಗಪ್ಪನವರು ತಕ್ಕಡಿ ಹಿಡಿದವರಂತೆ ನನ್ನ ಎರಡೂ ಮಾತು ತೂಗಿದರು.

"ನಿನ್ನಿ ದಿಲ್ಲಿ ಅಂದ್ರಿ, ಇವತ್ತು ಪಂಕ್ಚರ್ ಅಂಗಡಿ ಅಂತೀರಿ. ಎರಡರ ನಡುವ ಹುಡುಗ ಎಲ್ಲಿ ಅದಾನ್ರಿ? ಇದು ಹಿಂಗ ಬಗಿಹರಿಯಂಗಿಲ್ಲ, ಚೌಕಶಿ ಆಗಬೇಕು. ಐತವಾರ ಘತ್ತರಗಿ ಗುಡಿಗಿ ಬರ್ತೇವಿ, ಭಾಗ್ಯವಂತಿ ತಾಯಿ ದರ್ಶನಾನೂ ಆಗ್ತದ. ಹುಡುಗನ್ನ ಬಲ್ಲವರೊಬ್ರನ್ನ ಕರ್ಕೊಂಡು ಬರ್ರಿ. ಅವರ ಮಾತು ಸರಿ ಅನಿಸ್ತು ಅಂದ್ರ ಹೂಂ ಅಂತೀವಿ. ಇಲ್ಲಂದ್ರ ಇಲ್ಲಿಗೇ ಬಿಡೋಣು."

ಇಲ್ಲಿಯೂ ನಾನು ಧೈರ್ಯಗೆಡಲಿಲ್ಲ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಇಸ್ಮಾಯಿಲ್ ಸಾಬ್ ಇದ್ದಾರೆ. ಜೀವಮಾನವಿಡೀ ತೋಪಿನ ದಳದಲ್ಲಿದ್ದು ನಿವೃತ್ತರಾದ ಸುಬೇದಾರರು. ಶಿವಶರಣ ನಮ್ಮ ಮನೆಯಲ್ಲಿದ್ದು ಕಾಲೇಜು ಓದುವಾಗ ಅವನನ್ನು ದಿನಾ ಬೆಳಿಗ್ಗೆ ಓಡಿಸಿ, ಸೈನ್ಯದ ಹುಚ್ಚು ಹಿಡಿಸಿದವರೇ ಅವರು. ಹುಡುಗನ ಗುಣವನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಸುಮ್ಮನೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ಸುಮ್ಮನೆ ಎಂಬುದು ನನ್ನ ಜಾತಕದಲ್ಲೇ ಇಲ್ಲ.

ಮನೆಯವರೆಲ್ಲ ಹಿಂದಿನ ಗಾಡಿಯಲ್ಲಿದ್ದರು. ಅಫಜಲಪುರ ದಾಟಿದ ಮೇಲೆ ಜೀಪಿನಲ್ಲಿ ಸಾಬರಿಗೆ ತರಬೇತಿ ಕೊಟ್ಟೆ.

"ನೋಡ್ರಿ ಸಾಬ್, ನಾ ಒಮ್ಮಿ ಹೆಚ್ಚು ಹೇಳಿ ಕೆಟ್ಟೆ, ಒಮ್ಮಿ ಕಮ್ಮಿ ಹೇಳಿ ಕೆಟ್ಟೆ. ನೀವು ಏನ್ ಕೇಳಿದ್ರೂ 'ಹೇಳಂಗಿಲ್ಲ' ಅನ್ರಿ. ಗುಟ್ಟು ಇದ್ದಷ್ಟು ತೂಕ ಜಾಸ್ತಿ."

"ಏನ್ ಕೇಳಿದ್ರೂ?"

"ಏನ್ ಕೇಳಿದ್ರೂ."

"ಹುಕುಂ ಅಂತ ತಿಳ್ಕೊಳ್ಳೇನ್ರಿ?"

ಆವರೆಗೆ ನನ್ನ ಹುಕುಮನ್ನು ಮನೆಯಲ್ಲಿ, ಹೊರಗೆ ಯಾರೂ ಕೇಳಿರಲಿಲ್ಲ. ಆ ಶಬ್ದ ಕಿವಿಗೆ ಬಿದ್ದು ಹಿತವಾಯಿತು. "ಹುಕುಂ," ಎಂದೆ.

ಭಾಗ್ಯವಂತಿಯ ದರ್ಶನ ಮುಗಿಸಿ, ಹೊಳೆಯ ದಂಡೆಯ ಬೇವಿನ ಮರದ ಕೆಳಗೆ ಜಮಖಾನೆ ಹಾಸಿಕೊಂಡು ಎರಡೂ ಕಡೆಯವರು, ಹುಡುಗ ಹುಡುಗಿ ಸಮೇತ, ಕೂತೆವು. ಇಸ್ಮಾಯಿಲ್ ಸಾಬ್ ಮಾತ್ರ ಕೂರದೆ ನೆಟ್ಟಗೆ ನಿಂತರು. ಗುರುಲಿಂಗಪ್ಪನವರು ಚೌಕಶಿ ಶುರು ಮಾಡಿದರು.

"ಹುಡುಗನ ಕೆಲಸ ಎಂಥಾದ್ರಿ ಸಾಬ್?"

"ಹೇಳಂಗಿಲ್ಲರಿ."

ಗುರುಲಿಂಗಪ್ಪನವರು ತಲೆದೂಗಿದರು. ನನ್ನ ಯೋಜನೆ ಫಲಿಸುತ್ತಿತ್ತು.

"ಇರ್ಲಿ, ಅದು ಸರಕಾರದ ಗುಟ್ಟು. ಹುಡುಗ ಕುಡಿತಾನೇನು?"

"ಹೇಳಂಗಿಲ್ಲರಿ."

ನಾನು ಕೆಮ್ಮಿದೆ. ಸುಬೇದಾರರು ಇನ್ನಷ್ಟು ನೆಟ್ಟಗಾದರು.

"ಇಸ್ಪೀಟು ಗಿಸ್ಪೀಟು?"

"ಹೇಳಂಗಿಲ್ಲರಿ."

ನಾನು ಕಣ್ಣು ಮಿಟುಕಿಸಿದೆ, ಅವರ ಧೋತರದ ಅಂಚು ಜಗ್ಗಿದೆ. ಅವರು ಅದನ್ನು ತಮ್ಮ ನಿಷ್ಠೆಯ ಪರೀಕ್ಷೆ ಎಂದು ತಿಳಿದರು. ಅಷ್ಟರಲ್ಲಿ ಅಜ್ಜಿ ಮುಂದೆ ಸರಿದು ಕೇಳಿಯೇಬಿಟ್ಟರು.

"ಹುಡುಗಂದು ಮೊದ್ಲ ಒಂದು ಲಗ್ನ ಗಿಗ್ನ ಆಗ್ಯದೇನಪಾ?"

"ಹೇಳಂಗಿಲ್ಲರಿ ಆಯಿ."

ಶಿವಶರಣನ ತಾಯಿ ನೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಮಹಾದೇವಿ ನನ್ನನ್ನು ನೋಡಿದಳು. ಆ ನೋಟವನ್ನು ಕಂಡಿದ್ದರೆ ಸೈನ್ಯದವರು ಬೇರೆ ಆಯುಧವನ್ನೇ ಇಡುತ್ತಿರಲಿಲ್ಲ.

"ಸಾಬ್, ಇದರ ಹೇಳ್ರಿ," ಎಂದೆ ನಾನು, ಹಲ್ಲು ಕಿರಿದು.

"ಹಂಗಾದ್ರ ಹುಕುಂ ತಗದೀರೇನ್ರಿ?"

ಹುಕುಂ ತೆಗೆಯಬೇಕಾದರೆ ಕೊಟ್ಟದ್ದನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು. "ಎಂಥಾ ಹುಕುಂ ಸಾಬ್?" ಎಂದೆ. ಅವರು ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

"ಅದೂ ಹೇಳಂಗಿಲ್ಲರಿ."

ಗುರುಲಿಂಗಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಏಳವ್ವಾ, ಹೊತ್ತಾತು." ಹುಡುಗ ಜೀವನದಲ್ಲಿ ಒಂದೇ ಒಂದು ಬೇಡಿದ್ದ, ಅದನ್ನೂ ನಾನು ಹೊಳೆಗೆ ಹಾಕಿದ್ದೆ.

ಆಗ ಗೌರಿ ಬಾಯಿ ತೆಗೆದಳು. "ಅಪ್ಪಾ, ಕುಂಡ್ರು. ಹುಡುಗ ಇಲ್ಲೇ ಕುಂತಾರ, ಅವರನ್ನ ಯಾರೂ ಕೇಳವಲ್ರು." ಶಿವಶರಣನ ಕಡೆ ತಿರುಗಿದಳು. "ಅಜ್ಜಿ ಕೇಳಿದ್ದಕ್ಕ ನೀವ ಹೇಳ್ರಿ."

"ಲಗ್ನ ಆಗಿಲ್ರಿ. ಇಸ್ಪೀಟು ಬರಂಗಿಲ್ಲ. ಪಾರ್ಟಿಯಾಗ ಕೈಯಾಗ ಗ್ಲಾಸ್ ಹಿಡ್ಕೊಂಡು ನಿಲ್ತೇನಿ, ಒಳಗ ನಿಂಬಿಕಾಯಿ ಶರಬತ್ ಇರ್ತದ."

"ದಿನಾ ಏನ್ ಮಾಡ್ತೀರಿ?"

ನಾನು ಕಣ್ಣು ಮುಚ್ಚಿಕೊಂಡೆ. ಅವನು ಆ ಟೈರು, ಬ್ಯಾಟರಿ, ಕೀಲಿ, ಜವಾನರ ರಜಾ ಅರ್ಜಿ ಎಲ್ಲವನ್ನೂ ನನಗೆ ಹೇಳಿದಂತೆಯೇ ಸಪ್ಪಗೆ ಹೇಳಿದ. ದನ ಕಾದದ್ದನ್ನೂ ಬಿಡಲಿಲ್ಲ. ಕೊನೆಗೆ, "ಆ ಕ್ಷಿಪಣಿ ಎಂದೂ ಹಾರಬಾರದ್ರಿ. ಹಾರೋ ಪಾಳಿ ಬಂದ್ರ ತಪ್ಪಬಾರದು. ಅದಕ್ಕ ದಿನಾ ನೋಡೋದು. ಎಲ್ಲಾ ಸರಿ ಇದ್ರ ಏನೂ ಆಗಂಗಿಲ್ಲ," ಎಂದ.

ಗೌರಿ ನಕ್ಕಳು. "ನಂದೂ ಅದ ಹಾಡರಿ. ದನಕ್ಕ ಕಾಲುಬಾಯಿ ಬ್ಯಾನಿ ಲಸಿಕಿ ಹಾಕ್ತೇನಿ. ಬ್ಯಾನಿ ಬರಲಿಲ್ಲಂದ್ರ, ಈ ಡಾಕ್ಟರಮ್ಮ ಏನ್ ಮಾಡ್ಯಾಳ ಅಂತ ಕೇಳ್ತಾರ." ಆಮೇಲೆ ನಗು ನಿಲ್ಲಿಸಿ ಕೇಳಿದಳು. "ನಿಮ್ಮ ಬದ್ಲಿ ಆದಂಗ ನನ್ನ ನೌಕರಿ ಏನಾಗ್ತದ?"

"ಕಷ್ಟ ಅದರಿ. ಒಮ್ಮೊಮ್ಮಿ ನೀವೊಂದು ಕಡಿ, ನಾನೊಂದು ಕಡಿ ಇರಬೇಕಾಗ್ತದ. ಇಲ್ಲ ಅಂತ ನಾ ಹೆಂಗ ಹೇಳ್ಲಿ?"

ಗೌರಿ ತಂದೆಯ ಕಡೆ ತಿರುಗಿದಳು. "ಇಲ್ಲ ಅಂದಿದ್ರ ನಾನ ಎದ್ದು ಹೋಗ್ತಿದ್ದೆ," ಎಂದಳು. "ನಂಗ ಒಪ್ಪಿಗಿ ಅದ ಅಪ್ಪಾ."

ನೀಲಮ್ಮ ಈಗ ಬಹಿರಂಗವಾಗಿಯೇ ಅತ್ತರು. ನಾನು ಭಾಷಣಕ್ಕೆ ಏಳಹೋದೆ, ಮಹಾದೇವಿ ತೋಳು ಹಿಡಿದು ಕೂರಿಸಿದಳು. ಗುರುಲಿಂಗಪ್ಪನವರು ನನ್ನ ಪಕ್ಕ ಬಂದು ಕೂತರು.

"ಹುಡುಗಂದು ಚೌಕಶಿ ಆಗ್ಲಿಲ್ಲ ಅಂತ ನಿಮ್ಮದ ಮಾಡ್ಸಿದ್ದೆರಿ, ಆಳಂದ ಬಸ್‌ಸ್ಟ್ಯಾಂಡಿನ ಚಹಾದಂಗಡ್ಯಾಗ. ಮನಷ್ಯಾ ಒಳ್ಳ್ಯಾವ, ಮಾತು ಮಾತ್ರ ಅರ್ಧಾ ಬಿಟ್ಟು ತಗೋರಿ ಅಂದ್ರು. ಯಾವ ಅರ್ಧಾ ಬಿಡಬೇಕಂತ ತಿಳೀದ ಒದ್ದಾಡೀನಿ ನೋಡ್ರಿ."

ಮುಂದೆ ಜೇವರ್ಗಿಯಲ್ಲಿ ಸಕ್ಕರೆ ಪುಡಿ, ಅಂದರೆ ನಿಶ್ಚಿತಾರ್ಥ, ಸಾಂಗವಾಗಿ ನಡೆಯಿತು. ಮಹಾದೇವಿ ನನ್ನನ್ನು ಊಟದ ಪಂಕ್ತಿಯ ಕೊನೆಯಲ್ಲಿ, ಇಸ್ಮಾಯಿಲ್ ಸಾಬರ ಪಕ್ಕದಲ್ಲಿ ಕೂರಿಸಿದಳು. ಎದುರಿಗೆ ಕೂತಿದ್ದ ಹುಡುಗಿಯ ಕಡೆಯ ಹಿರಿಯರೊಬ್ಬರು ಸುಬೇದಾರರನ್ನು ಕೇಳಿದರು.

"ಚೊಲೊ ಜೋಡಿ ಆಗ್ಯದ್ರಿ. ಈ ಸಂಬಂಧ ಕೂಡ್ಸಿದವರು ಯಾರ್ರಿ?"

ನಾನು ಗಂಟಲು ಸರಿಮಾಡಿಕೊಂಡೆ, ಹೆಗಲ ಮೇಲಿನ ಶಲ್ಯ ಎಳೆದುಕೊಂಡೆ.

"ಹೇಳಂಗಿಲ್ಲರಿ," ಎಂದರು ಇಸ್ಮಾಯಿಲ್ ಸಾಬ್.

ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದೆ. "ಸಾಬ್, ಹುಕುಂ ವಾಪಸ್ ತಗದೇನಿ. ಇದೊಂದು ಹೇಳಿಬಿಡ್ರಿ."

"ಈಗ ನಿಮ್ಮ ಕೈಯಾಗಿಲ್ಲರಿ ಅದು. ತಗೀಬ್ಯಾಡಂತ ಮ್ಯಾಲಿನಿಂದ ಹುಕುಂ ಬಂದದ," ಎಂದು ಅವರು ಪಂಕ್ತಿಯ ಆ ತುದಿಯ ಕಡೆ ನೋಡಿದರು. ಅಲ್ಲಿ ಮಹಾದೇವಿ ಹೋಳಿಗೆ ಬಡಿಸುತ್ತಿದ್ದಳು.

ನಾನು ಎರಡು ಹೋಳಿಗೆ ಹಾಕಿಸಿಕೊಂಡು, ತುಪ್ಪ ಕಲಸಿ, ಬಾಯಿ ಮುಚ್ಚಿ ತಿಂದೆ.