ನನ್ನ ಇನ್ನೂರ ಹತ್ತು ಗೆರಟೆಗಳ ಉದ್ಯಾನದ ಕುರಿತು

ಮಾನ್ಯ ಅಧ್ಯಕ್ಷರು, ಉದ್ಯಾನ ಸಮಿತಿ,
ನೆಕ್ಕರೆಗುಡ್ಡೆ ಪಟ್ಟಣ ಪಂಚಾಯತ್, ಕಡಬ ತಾಲೂಕು

ಮಾನ್ಯರೇ,

ಕಾಣಿಯೂರು ರಸ್ತೆಯ ರಬ್ಬರ್ ಕೃಷಿಕಳಾದ ಸೂಸಮ್ಮ ಉತುಪ್ ತಮಗೂ ತಮ್ಮ ಸಮಿತಿಗೂ ತಮ್ಮ ಮೊಹರಿಗೂ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ನನ್ನ ಒಂದೂಕಾಲು ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ನೋಟೀಸು ಕೈ ಸೇರಿದೆ. ಜೊತೆಗಿದ್ದ ಸ್ಥಳ ಪರಿಶೀಲನಾ ವರದಿಯನ್ನು ಓದಿದ ಮೇಲೆ ನಾನು ಎಂಥ ಪುಣ್ಯವಂತೆ ಎಂಬುದು ನನಗೇ ತಿಳಿಯಿತು. ತಮ್ಮ ಇಂಜಿನಿಯರರ ಪ್ರಕಾರ, ನಾನು ಪ್ರತಿ ಮರಕ್ಕೂ ಹಕ್ಕಿಗಳಿಗೆ ನೀರಿಡಲು ತೆಂಗಿನ ಗೆರಟೆ ಕಟ್ಟಿ, ಅವು ನೆನೆಯದಂತೆ ಮೇಲೆ ಪ್ಲಾಸ್ಟಿಕ್ ಸೂರು ಹೊದೆಸಿ, ಮುಂಜಾನೆ ತಲೆಗೆ ದೀಪ ಕಟ್ಟಿಕೊಂಡು ವಾಯುವಿಹಾರ ಮಾಡುವವಳು. ಆದ್ದರಿಂದ ಜಾಗ ಈಗಾಗಲೇ ಉದ್ಯಾನವಾಗಿದ್ದು, ಬೋರ್ಡು ಹಾಕುವುದೊಂದೇ ಬಾಕಿ.

ಆ ಗೆರಟೆಗೆ ಬೀಳುವುದು ರಬ್ಬರ್ ಹಾಲು, ಸೂರು ಇರುವುದು ಹಾಲಿಗೆ ಮಳೆನೀರು ಸೇರದಂತೆ, ದೀಪ ಇರುವುದು ಕತ್ತಲಲ್ಲಿ ತೊಗಟೆ ಗೀರಿ ಟ್ಯಾಪಿಂಗ್ ಮಾಡಲು ಎಂದು ಹೇಳಿ ಅವರ ಭೂತದಯೆಗೆ ನೋವುಂಟು ಮಾಡಲು ನನಗೆ ಮನಸ್ಸಿಲ್ಲ. ಆದರೂ ಅದನ್ನು ಕುಡಿದ ಹಕ್ಕಿಯ ಕೊಕ್ಕು ಮತ್ತೆ ತೆರೆಯಲಾರದಾದ್ದರಿಂದ ದಯವಿಟ್ಟು ಒಬ್ಬ ಪಕ್ಷಿವೈದ್ಯರನ್ನು ಮಂಜೂರು ಮಾಡಬೇಕು. ವಿಹಾರಕ್ಕೆ ಬಂದವರೆಲ್ಲ ತಲಾ ಇಪ್ಪತ್ತು ಮರ ಟ್ಯಾಪಿಂಗ್ ಮಾಡಿಯೇ ಹೋಗಬೇಕೆಂದು ಫಲಕ ಹಾಕಿಸಬೇಕು. ಅದಾಗದಿದ್ದರೆ, ಹಾಲು ನಿಲ್ಲಿಸುವಂತೆ ಠರಾವು ಪಾಸು ಮಾಡಿ ಇನ್ನೂರ ಹತ್ತು ಮರಗಳಿಗೂ ಒಂದೊಂದು ಪ್ರತಿ ಜಾರಿ ಮಾಡಬೇಕು. ಸಸಿಗಳನ್ನು ತಂದದ್ದು ಕೋಟ್ಟಯಂನಿಂದ, ಹಾಗಾಗಿ ಠರಾವು ಮಲಯಾಳಂನಲ್ಲಿದ್ದರೆ ಒಳಿತು.

ನನಗೆ ಸಿಟ್ಟು ಬಂದಿದೆ, ಮಾನ್ಯರೇ. ಏಳು ವರ್ಷ ಗೊಬ್ಬರ ಹಾಕಿ ಕಾದ ಮರಗಳಿಗೆ ಚಾಕು ತಾಗಿಸಿದ್ದು ಈ ವರ್ಷವಷ್ಟೇ. ವರದಿ ಓದಿದಂದಿನಿಂದ ನೆರೆಯ ಬೆಳ್ಯಪ್ಪಣ್ಣ ದಿನವೂ ಬೇಲಿಯಾಚೆಯಿಂದ, "ಎಂತ ಸೂಸಮ್ಮ, ಇವತ್ತು ಹಕ್ಕಿಗಳಿಗೆ ಕೊಟ್ಟು ಆಯ್ತಾ?" ಎಂದು ಕೇಳುತ್ತಾರೆ. ಬಸ್ ನಿಲ್ದಾಣದ ಹಿಂದೆ ಪಂಚಾಯತಿನದೇ ಎರಡು ಎಕರೆ ಪೊದೆ ಬೆಳೆದು ಬಿದ್ದಿದೆ. ಅಲ್ಲಿ ಯಾರೂ ಗೆರಟೆ ಕಟ್ಟದ ಕಾರಣ ಅದು ತಮ್ಮ ಕಣ್ಣಿಗೆ ಬೀಳದಿರುವುದು ಸಹಜ. ಅಪ್ಪಣೆಯಾದರೆ ನಾನೇ ಬಂದು ಒಂದನ್ನು ಕಟ್ಟಿಕೊಡುತ್ತೇನೆ.

ಇನ್ನೂ ತಮ್ಮದಾಗದ ಜಾಗದಿಂದ,
ತಮ್ಮ ವಿಶ್ವಾಸಿ,
ಸೂಸಮ್ಮ ಉತುಪ್

ಮರೆತ ಮಾತು: ವರದಿ ಬರೆಯಲು ಇಂಜಿನಿಯರರು ಕುಳಿತದ್ದು ಉದ್ಯಾನದ ಬೆಂಚಿನ ಮೇಲಲ್ಲ, ನಾನು ಹಾಲು ಸೋಸುವ ಹಲಗೆಯ ಮೇಲೆ. ಅವರು ಎದ್ದಾಗ ಹಾಲಿಗೆ ಅಂಟಿಕೊಂಡ ಪ್ಯಾಂಟಿನ ಹಿಂಭಾಗದ ಒಂದು ತುಂಡು ಅಲ್ಲೇ ಉಳಿಯಿತು. ಅದನ್ನು ರಬ್ಬರ್ ಶೀಟುಗಳ ಜೊತೆ ಹೊಗೆಮನೆಯಲ್ಲಿ ಒಣಗಿಸಿ ಜೋಪಾನವಾಗಿ ಇಟ್ಟಿದ್ದೇನೆ. ಸ್ಥಳ ಪರಿಶೀಲನೆ ನಡೆದದ್ದಕ್ಕೆ ಇರುವ ಪುರಾವೆ ಅದೊಂದೇ ಆದ್ದರಿಂದ ವಿಚಾರಣೆಯ ದಿನ ತರುತ್ತೇನೆ. ಉಳಿದ ಪ್ಯಾಂಟನ್ನು ತಾವು ತರಿಸಿದರೆ ಎಲ್ಲರೆದುರು ತಾಳೆ ನೋಡಬಹುದು.